ಅವ್ವ ಹಾಕಿದ ಹಾಜರಿ

ಡಾಕ್ಟರಾಗಬೇಕೆಂದವಳು ಓದಿದರಷ್ಟೇ ಸಾಲದು, ಕಾಲೇಜಿನ ಬೆಂಚಿನ ಮೇಲೆ ಕೂತಿದ್ದಳು ಎಂಬುದಕ್ಕೆ ಸಾಕ್ಷಿಯೂ ಬೇಕು. ನಾನು ಕೂತಿರಲಿಲ್ಲ. ಇದನ್ನು ನಾನು ತಲೆ ತಗ್ಗಿಸಿಕೊಂಡು ಹೇಳಬೇಕೆಂದು ಬಹಳ ಮಂದಿಗೆ ಆಸೆ. ತಗ್ಗಿಸುವುದಿಲ್ಲ.

ಚಿಕ್ಕೋಡಿಯಲ್ಲಿ ಪಿಯುಸಿ ಮೊದಲ ವರ್ಷಕ್ಕೆ ಸೇರಿ ಮೂರು ತಿಂಗಳಾಗಿತ್ತು. ಕಬ್ಬೂರಿನ ಹತ್ತಿರದ ನಮ್ಮ ಹಳ್ಳಿಯಿಂದ ದಿನವೂ ಬಸ್ಸು. ಅಪ್ಪ ಕುರಿ ಹೊಡೆದುಕೊಂಡು ಕಾಗವಾಡದ ಕಡೆ ಹೋಗಿದ್ದ. ಅಲ್ಲಿಯ ದ್ರಾಕ್ಷಿ ತೋಟದವರು ಗೊಬ್ಬರಕ್ಕೆಂದು ತಮ್ಮ ಹೊಲದಲ್ಲಿ ಕುರಿ ಕೂಡಿಸಿಕೊಳ್ಳುತ್ತಾರೆ. ಆಗಲೇ ಅವ್ವ ನೀರಿನ ಕೊಡ ಹೊತ್ತು ಬರುವಾಗ ಮೆಟ್ಟಿಲ ಮೇಲೆ ಜಾರಿ ಬಿದ್ದಳು. ಸೊಂಟದ ಎಲುಬು ಮುರಿಯಿತು. ಮಿರಜಿನ ದವಾಖಾನೆಯಲ್ಲಿ ರಾಡ್ ಹಾಕಿ, ಮಂಚ ಬಿಟ್ಟು ಏಳಬಾರದೆಂದು ಹೇಳಿ ಕಳಿಸಿದರು. ಅವ್ವನನ್ನೂ ಆರು ಆಡುಗಳನ್ನೂ ನೋಡಿಕೊಳ್ಳಲು ಮನೆಯಲ್ಲಿ ಉಳಿದವಳು ನಾನೊಬ್ಬಳೇ.

ನಾಲ್ಕು ತಿಂಗಳ ಬಳಿಕ ಕಾಲೇಜಿಗೆ ಹೋದರೆ ಪ್ರಾಚಾರ್ಯರು ಹಾಜರಿ ಪುಸ್ತಕ ನನ್ನ ಕಡೆ ತಿರುಗಿಸಿದರು. ನನ್ನ ಹೆಸರಿನ ಮುಂದೆ ಉದ್ದಕ್ಕೂ ಗೈರು. "ಹಾಜರಿ ಇಲ್ಲಂದ್ರ ಪರೀಕ್ಷಾಕ್ಕ ಕೂಡಸಾಕ ಬರಂಗಿಲ್ಲವ್ವ. ರೂಲ್ ಅಂದ್ರ ರೂಲ್," ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ ಎಂದರೆ ಸುಳ್ಳಾಗುತ್ತದೆ. ಇಂದಿಗೂ ಇದೆ.

ಟಿ.ಸಿ. ತಂದು ಮುಕ್ತ ಶಾಲೆಗೆ ಹೆಸರು ಹಚ್ಚಿದೆ. ಪಾಠವೆಲ್ಲ ಮೊಬೈಲಿನಲ್ಲಿ, ಪ್ರಾಕ್ಟಿಕಲ್‌ಗೂ ಪರೀಕ್ಷೆಗೂ ಮಾತ್ರ ಬೆಳಗಾವಿಯ ಕೇಂದ್ರಕ್ಕೆ ಹೋದರೆ ಸಾಕು. ಅವ್ವನನ್ನು ನೋಡಲು ಹಾರೂಗೇರಿಯಿಂದ ಬಂದ ಸೋದರಮಾವ ನನ್ನನ್ನು ನೋಡಿ ನಕ್ಕ. "ಮೊಬೈಲ್‌ನ್ಯಾಗ ಈಜ ಕಲ್ತು ಕೃಷ್ಣಾ ನದಿಗಿ ಹಾರ್ತಿ ಏನ? ಬಂದ್ಳು ನೋಡ್ರಿ ಮೊಬೈಲ್ ಡಾಕ್ಟರ್." ಆ ಹೆಸರು ಓಣಿಗೆಲ್ಲ ಹಬ್ಬಿತು. ನಾಯಿ ಬೊಗಳಿದರೆ ದೇವಲೋಕ ಹಾಳಾಗುತ್ತದೆಯೇ ಎಂದುಕೊಂಡು ನಾನು ಓದುತ್ತ ಕೂತೆ. ಮಾವನ ಚಹಾಕ್ಕೆ ಮಾತ್ರ ಆ ಸಲ ಸಕ್ಕರೆ ಹಾಕಲಿಲ್ಲ.

ತನ್ನ ಸೊಂಟದ ದೆಸೆಯಿಂದಲೇ ನನ್ನ ಕಾಲೇಜು ತಪ್ಪಿತೆಂದು ಅವ್ವನಿಗೆ ಕೊರಗು. ಒಂದು ದಿನ, "ಹಾಜರಿ ಇಲ್ಲಂತ ಹೊರಗ ಹಾಕಿದ್ರಲ್ಲ, ಇನ್ನ ನಿನ್ನ ಹಾಜರಿ ನಾ ಹಾಕ್ತೀನಿ," ಎಂದಳು. ಅವಳಿಗೆ ಓದು ಬರಹ ಬಾರದು. ಕುರಿ ಎಣಿಸುವಾಗ ಗೋಡೆಗೆ ಇದ್ದಿಲಿನಿಂದ ಗೆರೆ ಎಳೆದು ರೂಢಿ. ಮಂಚದ ಪಕ್ಕದಲ್ಲಿ ಕೈಗೆಟಕುವಂತೆ ಕ್ಯಾಲೆಂಡರ್ ತೂಗುಹಾಕಿಸಿಕೊಂಡು ದಿನಕ್ಕೊಂದು ಗೆರೆ ಹಾಕತೊಡಗಿದಳು. ಪುಕ್ಕಟೆ ಅಲ್ಲ. ಅಂದಿನ ಪಾಠವನ್ನು ಅವಳಿಗೆ ತಿಳಿಯುವ ಹಾಗೆ ಹೇಳಬೇಕು, ಇಲ್ಲದಿದ್ದರೆ ಗೆರೆಯಿಲ್ಲ. ಹೃದಯದಲ್ಲಿ ನಾಲ್ಕು ಕೋಣೆಗಳಿವೆ ಎಂದು ನಾನು ದೊಡ್ಡದಾಗಿ ಶುರು ಮಾಡಿದರೆ, "ಆಡಿನ ಗುಂಡಿಗ್ಯಾಗೂ ನಾಕ ಖೋಲಿ ಇರ್ತಾವ, ಇದರಾಗ ಹೊಸಾದೇನೈತಿ? ನಡುವ ಬಾಗಲಾ ಯಾಕ ಅದಾವ, ಅದನ್ನ ಹೇಳ," ಎಂದಳು. ನನಗೆ ಹೇಳಲು ಬರಲಿಲ್ಲ. ಆ ದಿನ ಖಾಲಿ ಬಿತ್ತು. ಎಷ್ಟು ಜಗಳಾಡಿದರೂ ಹಾಕಲಿಲ್ಲ.

ನೀಟ್ ಪರೀಕ್ಷೆಯಲ್ಲಿ ಮೊದಲ ಸಲ ಅಂಕ ಸಾಲಲಿಲ್ಲ. ಎರಡನೇ ಸಲ ಸರ್ಕಾರಿ ಮೆಡಿಕಲ್ ಸೀಟು ಸಿಗುವಷ್ಟು ಬಂತು. ಉಳಿದದ್ದು ದಾಖಲೆ ತಪಾಸಣೆ ಒಂದೇ. ಬೆಳಗಾವಿಗೆ ಅವ್ವನೂ ಕೋಲೂರಿಕೊಂಡು ಹೊರಟಳು, ಕಂಕುಳಲ್ಲಿ ಹಳೆ ಸೀರೆ ತುಂಡಿನ ಗಂಟು. ಏನದು ಎಂದರೆ, "ಇರ್ಲಿ ಬಿಡ," ಎಂದಳು.

ಸಾಲಿನಲ್ಲಿ ನನ್ನ ಮುಂದೆ ಕೋಚಿಂಗ್ ಕ್ಲಾಸಿನಲ್ಲಿ ಓದಿದ ಹುಡುಗಿಯೊಬ್ಬಳಿದ್ದಳು. ತನ್ನ ಕಾಲೇಜಿನ ಗೇಟು ನೋಡಿದ್ದೇ ಎರಡು ಸಲ, ಅಡ್ಮಿಷನ್‌ಗೊಮ್ಮೆ ಹಾಲ್ ಟಿಕೆಟ್‌ಗೊಮ್ಮೆ ಎಂದು ತಾನಾಗಿಯೇ ನಗುತ್ತ ಹೇಳಿದಳು. ಅವಳ ಪ್ರಮಾಣಪತ್ರದಲ್ಲಿ ಹಾಜರಿ ಪೂರ್ತಿ ಇತ್ತು. ಟಪ್ಪೆಂದು ಮುದ್ರೆ ಬಿತ್ತು.

ನನ್ನ ಸರದಿ ಬಂದಾಗ ಗುಮಾಸ್ತರು ಕಾಗದ ತಿರುವಿ ಕೇಳಿದರು. "ತಂಗಿ, ಕಾಲೇಜಿಂದು ಸ್ಟಡಿ ಸರ್ಟಿಫಿಕೇಟ್ ಎಲ್ಲೈತಿ?"

"ಮುಕ್ತ ಶಾಲಿ ರೀ. ಕಾಲೇಜಿಗಿ ಹೋಗಿಲ್ರಿ."

"ಹಂಗಾರ ನಡಿಯಂಗಿಲ್ಲ. ಆನ್‌ಲೈನ್ ಓದಿದವರಿಗೆಲ್ಲಾ ಡಾಕ್ಟರ್ ಸೀಟ್ ಕೊಡಾಕ ಬರತೈತೇನ?"

ಮುಕ್ತ ಶಾಲೆಯಲ್ಲಿ ಪಾಸಾದವರೂ ಅರ್ಹರು ಎಂಬ ಸುತ್ತೋಲೆಯನ್ನು ಅವರ ಮುಂದಿಟ್ಟೆ. ಓದದೆ ವಾಪಸು ತಳ್ಳಿದರು. ತಪಾಸಣೆಗೆ ಅದೇ ಕೊನೆಯ ದಿನ. ಅಂದು ಮುದ್ರೆ ಬೀಳದಿದ್ದರೆ ಸೀಟು ಹೋದ ಹಾಗೆಯೇ. "ಓದ್ರಿ ಸರ್. ನೀವು ಓದೂತನಕ ನಾ ಇಲ್ಲಿಂದ ಸರಿಯಂಗಿಲ್ರಿ," ಎಂದು ಮೇಜಿನ ಅಂಚು ಹಿಡಿದು ನಿಂತೆ. ಹಿಂದೆ ಸಾಲಿನವರು ಗೊಣಗತೊಡಗಿದರು.

ಅವ್ವ ನನ್ನ ಪಕ್ಕಕ್ಕೆ ಬಂದು ಗಂಟು ಬಿಚ್ಚಿದಳು. ಎಣ್ಣೆಗೈ ತಾಗಿ ಮಾಸಿದ ಕ್ಯಾಲೆಂಡರುಗಳು. "ಇದು ಇಕಿ ಹಾಜರಿ ಪುಸ್ತಕರಿ. ನಾನ ಹಾಕೇನ್ರಿ," ಎಂದಳು.

ಯಾರೋ ಕಿಸಕ್ಕೆಂದರು. ನನಗೆ ನಾಚಿಕೆಯಾಯಿತು. ಆ ಒಂದು ಗಳಿಗೆ ನನ್ನ ತಲೆ ತಗ್ಗಿತು, ಅದಕ್ಕೆ ಇಂದಿಗೂ ನನಗೆ ನನ್ನ ಮೇಲೇ ಸಿಟ್ಟು. ಗುಮಾಸ್ತರೂ ನಗುತ್ತಲೇ ಹಾಳೆ ತಿರುವಿ, ಒಂದು ತಾರೀಖಿನ ಮೇಲೆ ಬೆರಳಿಟ್ಟರು. "ಈ ತಿಂಗಳದಾಗ ಇದೊಂದ ದಿನ ಯಾಕ ಖಾಲಿ ಬಿಟ್ಟೀಯವ್ವಾ?"

"ಅವತ್ತ ಇಕಿ ಓದಿಲ್ರಿ. ಮೊಬೈಲ್‌ನ್ಯಾಗ ಸಿನಿಮಾ ನೋಡಿದ್ಳು. ಓದೇನಿ ಅಂತ ನನಗ ಸುಳ್ಳ ಹೇಳಿದ್ಳು. ಓದ್ಲಾರದ ದಿನಕ್ಕ ಗೆರಿ ಹ್ಯಾಂಗ ಹಾಕ್ಲಿರಿ?"

ಗುಮಾಸ್ತರ ನಗು ನಿಂತಿತು. ಕ್ಯಾಲೆಂಡರ್ ಮಡಚಿ ಅವ್ವನ ಕೈಗೆ ಕೊಟ್ಟರು. ಆಮೇಲೆ ನನ್ನ ಸುತ್ತೋಲೆ ಎಳೆದುಕೊಂಡು ಸಾಲುಸಾಲಾಗಿ ಓದಿದರು, ಎದ್ದು ಸಾಹೇಬರ ಕೋಣೆಗೆ ಹೋದರು. ಹತ್ತು ನಿಮಿಷ ಬಿಟ್ಟು ಬಂದವರು, "ಬರತೈತಂತ," ಎಂದು ಮುದ್ರೆ ಒತ್ತಿದರು. ಸೀಟು ಸಿಕ್ಕಿದ್ದು ನನ್ನ ಅಂಕಕ್ಕೆ, ನಿಯಮಕ್ಕೆ. ಯಾರ ದಯೆಗೂ ಅಲ್ಲ. ಆದರೆ ಆ ಕಾಗದವನ್ನು ಓದಿಸಿದ್ದು ಕ್ಯಾಲೆಂಡರಿನಲ್ಲಿ ಅವ್ವ ಖಾಲಿ ಬಿಟ್ಟ ಆ ಒಂದು ಚೌಕ.

ಹೊರಗೆ ಬಂದು ಮೆಟ್ಟಿಲು ಇಳಿಯುವಾಗ ತಡೆಯಲಾರದೆ ಕೇಳಿದೆ. "ಸಿನಿಮಾ ನೋಡಿದ್ದು ನಿನಗ ಹ್ಯಾಂಗ ಗೊತ್ತಾತಬೇ? ಮಧ್ಯಾಹ್ನ ನೀ ಆ ಕಡೆ ಮಖಾ ಮಾಡಿ ಮಲಗಿದ್ದೆಲ್ಲ."

ಅವ್ವ ಕೋಲನ್ನು ಕೆಳಗಿನ ಮೆಟ್ಟಿಲಿಗೆ ಊರಿದಳು.

"ಸೊಂಟ ಮುರದಿತ್ತು. ಕಿವಿ ಮುರದಿದ್ದಿಲ್ಲ."