ಹುಲಿಯನ್ನು ವಾಪಸ್ ಪಡೆದ ಮೇಡಂ

ಕಣಕಾಲಿಗಿಂತ ಒಂದು ಗೇಣು ಮೇಲಕ್ಕೆ ಎತ್ತಿ ಕಟ್ಟಿದ ಹತ್ತಿ ಸೀರೆ, ಅದರ ಕೆಳಗೆ ಗಂಡಸರ ದಪ್ಪ ಕಾಲುಚೀಲ, ಕಾಲುಚೀಲದ ತುಂಬ ನಶ್ಯದ ಪುಡಿ. ನಮ್ಮ ಮೇಡಂ ಪಾಠಕ್ಕೆ ಹೊರಡುತ್ತಿದ್ದುದು ಹೀಗೆ. ನಶ್ಯ, ರಕ್ತ ಹೀರುವ ಇಂಬಳಗಳನ್ನು ದೂರವಿಡಲು. ಆದರೂ ಒಂದೆರಡು ಕಾಲಿಗೆ ಹತ್ತಿಯೇ ಹತ್ತುತ್ತಿದ್ದವು. ಅವನ್ನು ಕಿತ್ತೆಸೆಯುತ್ತಲೇ ಅವರು ಮಾತು ಮುಂದುವರಿಸುತ್ತಿದ್ದರು.

ತೊಂಬತ್ತರ ದಶಕದ ಆರಂಭದಲ್ಲಿ ನಾನು ಚಿಕ್ಕಮಗಳೂರಿನಲ್ಲಿ ಶಿಕ್ಷಕರ ತರಬೇತಿಯ ಟಿ.ಸಿ.ಎಚ್. ಓದುತ್ತಿದ್ದಾಗ ಅವರು ನಮ್ಮ ಉಪನ್ಯಾಸಕಿ. ಉಳಿದವರು ನಮ್ಮಿಂದ ಚಾರ್ಟು ಬರೆಸುತ್ತಿದ್ದರೆ, ಇವರು ಶನಿವಾರ ಬಂತೆಂದರೆ ನಮ್ಮನ್ನು ಬಸ್ಸು ಹತ್ತಿಸುತ್ತಿದ್ದರು. "ಊರು ನೋಡ್ದೆ ಊರಿನ ಮಕ್ಕಳಿಗೆ ಪಾಠ ಮಾಡೋಕೆ ಹೋಗ್ಬೇಡ ಮಾರಾಯ್ತಿ" ಎನ್ನುವುದು ಅವರ ಮಾತು.

ಅವರ ಅಚ್ಚುಮೆಚ್ಚಿನ ಜಾಗ ಗೋಣಿಬೀಡಿನ ಆಚೆ ಒಂದು ಕಾಫಿ ತೋಟದ ಅಂಚಿನಲ್ಲಿದ್ದ ವೀರಗಲ್ಲು. ಅರ್ಧ ಮಣ್ಣಿನಲ್ಲಿ ಹೂತುಹೋಗಿತ್ತು. ಈಟಿ ಹಿಡಿದ ವೀರ, ಅವನೆದುರು ಬೆನ್ನು ಮಾತ್ರ ಕಾಣುವ ಮೃಗ. ಅದು ಹುಲಿ, ಅದನ್ನು ಕೊಂದವನೇ ಈ ವೀರ ಎಂದು ಮೇಡಂ ಹೇಳಿದ್ದರು. ಒಂದು ಗುಂಪು ನೆರಳು ಅಳೆದು ಕಲ್ಲಿನ ಎತ್ತರ ಲೆಕ್ಕ ಹಾಕಬೇಕು. ಇನ್ನೊಂದು ಗುಂಪು ಅದರ ಮೈಮೇಲಿನ ಕಲ್ಲುಹೂವನ್ನು ನೋಡಿ ಅದು ಅಲ್ಲೇ ಯಾಕೆ ಬೆಳೆಯಿತೆಂದು ಹೇಳಬೇಕು. ಉಳಿದವರು ದಾರಿಯಲ್ಲಿ ಸಿಕ್ಕವರಿಂದ ಕಲ್ಲಿನ ಕತೆ ಕೇಳಿ ಬರಬೇಕು. ಸುಮ್ಮನೆ ನಿಂತವರಿಗೆ ಎಲ್ಲರ ಬುತ್ತಿ ಹೊರುವ ಕೆಲಸ. ನಾನು ಬಹಳ ಸಲ ಬುತ್ತಿ ಹೊತ್ತಿದ್ದೇನೆ.

ನನಗೆ ಮೊದಲ ಕೆಲಸ ಸಿಕ್ಕಿದ್ದು ಆ ಕಲ್ಲಿನ ಊರಿನಲ್ಲೇ. ಮಕ್ಕಳನ್ನು ಅಲ್ಲಿಗೆ ಕರೆದೊಯ್ದು ಮೇಡಂ ಹೇಳಿದ ಹುಲಿಯ ಕತೆಯನ್ನೇ ಹೇಳಿದೆ. ಅದು ಊರಿಗೆ ಎಷ್ಟು ಹಿಡಿಸಿತೆಂದರೆ ಶಾಲಾ ವಾರ್ಷಿಕೋತ್ಸವಕ್ಕೆ ನಾಟಕವೇ ತಯಾರಾಯಿತು. ಶಾಲಾ ಸಮಿತಿಯ ಅಧ್ಯಕ್ಷರಾಗಿದ್ದ ತೋಟದ ಸಾಹುಕಾರರು ಆ ಹುಲಿ ಕೊಂದ ವೀರ ತಮ್ಮ ಮನೆತನದವನೇ ಎಂದು ತೀರ್ಮಾನಿಸಿದರು. ಆ ಖುಷಿಯಲ್ಲಿ, ಸೋರುತ್ತಿದ್ದ ಶಾಲೆಗೆ ಹೊಸ ಹೆಂಚು ಹೊದಿಸಿಕೊಡುವುದಾಗಿ ಮಾತನ್ನೂ ಕೊಟ್ಟರು.

ವಾರ್ಷಿಕೋತ್ಸವ ಹತ್ತಿರ ಬಂದಾಗ ಒಂದು ಮಧ್ಯಾಹ್ನ ಮೇಡಂ ನನ್ನ ತರಗತಿಯ ಬಾಗಿಲಲ್ಲಿ ನಿಂತಿದ್ದರು. ಬೆಳಿಗ್ಗೆ ಹೊಸ ಬ್ಯಾಚಿನವರೊಂದಿಗೆ ಕಲ್ಲಿನ ಬಳಿ ಹೋಗಿದ್ದರಂತೆ. ತೋಟದವರು ಪಕ್ಕದಲ್ಲಿ ಚರಂಡಿ ತೋಡಿದ್ದರಿಂದ ಕಲ್ಲಿನ ಬುಡದ ಮಣ್ಣು ಜರಿದಿತ್ತು.

"ಹುಲಿ ಅಲ್ಲ ಮಾರಾಯ್ತಿ, ಕಾಡುಹಂದಿ. ಕೋರೆ ಕಾಣ್ತದೆ. ಹಿಂದಿನಿಂದ ಕಚ್ಚಿಕೊಂಡಿರೋ ನಾಯಿನೂ ಇದೆ."

"ನಾಟಕ ಒಂದು ಮುಗೀಲಿ ಮೇಡಂ, ಆಮೇಲೆ ಹೇಳೋಣ. ಹೆಂಚಿನ ವಿಷಯ ಇದೆ" ಎಂದು ನಾನು ಕೈ ಮುಗಿದೆ.

"ಹೆಂಚು ಬೇಕು, ಇಲ್ಲ ಅನ್ನಲ್ಲ. ಆದ್ರೆ ಮಕ್ಕಳು ಇವತ್ತಲ್ಲ ನಾಳೆ ಹೋಗಿ ನೋಡ್ತಾರಲ್ಲ. ಆಗ ಕಣ್ಣನ್ನ ನಂಬಬೇಕಾ, ನಿನ್ನ ಮಾತನ್ನಾ?"

ನನ್ನನ್ನು ದಾಟಿ ಒಳಗೆ ಹೋದರು. "ನಿಮ್ಮ ಟೀಚರಿಗೆ ಹುಲಿ ಅಂತ ಹೇಳಿಕೊಟ್ಟೋಳು ನಾನು. ನೋಡಿದ್ದು ಅರ್ಧ, ಹೇಳಿದ್ದು ಪೂರ್ತಿ. ನನ್ನಿಂದ ತಪ್ಪಾಯ್ತು ಮಕ್ಕಳೇ. ಬನ್ನಿ, ಈಗ ನೀವೇ ನೋಡಿ ಹೇಳಿ."

ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ಮಕ್ಕಳು ಒಬ್ಬೊಬ್ಬರಾಗಿ ಹಂದಿ ಎಂದರು. ಹುಲಿಯ ಪಾತ್ರದ ಹುಡುಗ ಮಾತ್ರ ಅತ್ತುಬಿಟ್ಟ. ವಿಷಯ ತಿಳಿದು ಅಧ್ಯಕ್ಷರು ಬಂದರು.

"ನಮ್ಮ ಹಿರೀಕ ಹಂದಿ ಹೊಡ್ದೋನು ಅಂತ ಸ್ಟೇಜ್ ಮೇಲೆ ಹೇಳ್ಸೋದಾ ಮೇಡಂ? ಈ ಕಡೆ ಹಂದಿ ಹೊಡೀದೆ ಇರೋರು ಯಾರಿದಾರೆ?"

"ಆ ಹಂದಿ ಅವನನ್ನೂ ಉಳಿಸಿಲ್ಲ ಸಾರ್. ಅದಕ್ಕೇ ಅಲ್ವಾ ಊರೋರು ಕಲ್ಲು ನೆಟ್ಟಿದ್ದು?" ಎಂದರು ಮೇಡಂ.

ಅಧ್ಯಕ್ಷರು ಒಪ್ಪಲಿಲ್ಲ. ನಾಟಕ ಹಂದಿಯೊಂದಿಗೇ ನಡೆಯಿತು, ಹೆಂಚು ಬರಲಿಲ್ಲ. ಆ ಮಳೆಗಾಲವಿಡೀ ಬಕೆಟ್ಟುಗಳ ನಡುವೆ ಮಗ್ಗಿ ಹೇಳಿಸಿದೆ. ಮೇಡಂ ಮೇಲೆ ನನಗೆ ಕೆಟ್ಟ ಸಿಟ್ಟು ಬಂದಿತ್ತು. ಅವರಿಗೇನು, ಹೇಳಿ ಬಸ್ಸು ಹತ್ತಿ ಹೋದರು, ನೆನೆಯುವವರು ನಾವು ಎಂದು ಗೊಣಗಿಕೊಂಡಿದ್ದೆ.

ನಿವೃತ್ತರಾದ ಮೇಲೆ ಅವರು ಹೆಚ್ಚು ಕಾಲ ಇರಲಿಲ್ಲ. ತೀರಿಕೊಂಡ ದಿನ ಚಿಕ್ಕಮಗಳೂರಿನ ಅವರ ಮನೆಯಂಗಳದಲ್ಲಿ ಸೇರಿದ್ದವರು ಬಹುಪಾಲು ಮೇಷ್ಟ್ರುಗಳು, ಟೀಚರುಗಳು. ನಮ್ಮ ಕಾಲದವರಲ್ಲದ್ದರಿಂದ ನನಗೆ ಹೆಚ್ಚಿನವರ ಪರಿಚಯವಿರಲಿಲ್ಲ. ಮಲ್ಲಂದೂರಿನ ಕಡೆಯ ಮೇಷ್ಟ್ರೊಬ್ಬರು, "ಒಂದ್ಸಲ ಮಳೇಲಿ ನೆನೆದುಕೊಂಡು ನಮ್ಮ ಶಾಲೆಗೆ ಬಂದಿದ್ರು, ಅದೊಂದು ಹಂದಿ ವಿಷಯ ಹೇಳೋಕೆ" ಎಂದರು.

ಕಳಸದಿಂದ ಬಂದಿದ್ದ ಟೀಚರು ತಟ್ಟನೆ ತಿರುಗಿದರು. "ನಿಮ್ಮಲ್ಲಿಗೂ ಬಂದಿದ್ರಾ?"

ನಮ್ಮ ಶಾಲೆಯಲ್ಲಿ ಮಾತ್ರ ಹೇಳಿ ಹೋದರೆಂದುಕೊಂಡಿದ್ದೆ. ತಮ್ಮಿಂದ ಹುಲಿಯ ಕತೆ ಕೇಳಿ ಹೋದವರು ಯಾವ ಯಾವ ಊರಿನಲ್ಲಿದ್ದಾರೆಂದು ವಿಚಾರಿಸಿಕೊಂಡು, ರಜೆ ಹಾಕಿ, ಗುಡ್ಡ ಹತ್ತಿ, ಅಲ್ಲಿನ ಮಕ್ಕಳ ಮುಂದೆಲ್ಲ ನಿಂತು ಮೇಡಂ ಅದೇ ಮಾತನ್ನು ಹೇಳಿ ಬಂದಿದ್ದರು. ಅಂಗಳದಲ್ಲಿ ನಿಂತೇ ನಾನು ಜೋರಾಗಿ ಅತ್ತೆ.

ಪಾಠ ಮಾಡುವಾಗ ನಾನು ತಪ್ಪು ಹೇಳುವುದು ಈಗಲೂ ಇದೆ. ಗೊತ್ತಾದಾಗ ಮನಸ್ಸು ಮೊದಲು ಜಾರಿಕೊಳ್ಳಲು ನೋಡುತ್ತದೆ. ಆಮೇಲೆ ಸೀಮೆಸುಣ್ಣ ಕೆಳಗಿಟ್ಟು ಮಕ್ಕಳ ಕಡೆ ತಿರುಗುತ್ತೇನೆ. "ನಿನ್ನೆ ನಾನು ಹೇಳಿದ್ದು ತಪ್ಪು" ಎನ್ನುತ್ತೇನೆ.