ಕಡೆಗೋಲಿನ ತುದಿ

ಮೊದಲು ಕಡಿಮೆಯಾದದ್ದು ತರಗತಿಯ ಗಲಾಟೆ. ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಹೇಳುವವನಿಗೆ ಇದಕ್ಕಿಂತ ದೊಡ್ಡ ಭಾಗ್ಯ ಬೇಕೆ? ಅಂತೂ ಮಕ್ಕಳಿಗೆ ನನ್ನ ಮೇಲೆ ಗೌರವ ಹುಟ್ಟಿತೆಂದು ಒಳಗೊಳಗೇ ಉಬ್ಬಿದೆ.

ಒಂದು ದಿನ ಹೆಡ್‌ಮಾಸ್ಟರು ಕರೆದು ಕಿವಿಯ ಬಳಿ ಬಾಯಿಟ್ಟು ಕೂಗಿದರು. “ಎಂತ ಮಾರಾಯ್ರೆ, ಪಾಠ ಹೇಳ್ತೀರೋ, ಮಂತ್ರ ಜಪಿಸ್ತೀರೋ? ಹಿಂದಿನ ಬೆಂಚಿಗೆ ಒಂದಕ್ಷರ ಕೇಳುವುದಿಲ್ಲವಂತೆ.”

ನನಗೋ ನನ್ನ ಸ್ವರ ತಲೆಯೊಳಗೆ ಗುಂಯ್‌ಗುಡುತ್ತಿತ್ತು. ಅದಕ್ಕೇ ಮೆತ್ತಗೆ ಮಾತಾಡುತ್ತಿದ್ದೆ.

ಆಸ್ಪತ್ರೆಯಲ್ಲಿ ಡಾಕ್ಟರು ಟ್ಯೂನಿಂಗ್ ಫೋರ್ಕ್ ಬಡಿದು ಕಿವಿಯ ಹತ್ತಿರ ಹಿಡಿದರು. ಕೇಳಲಿಲ್ಲ. ಅದರ ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿದರು. ಕೇಳಿತು! ಶಬ್ದವೆಂದರೆ ಕಂಪನ, ಅದು ಸಾಗಲು ಗಾಳಿಯೇ ಬೇಕೆಂದಿಲ್ಲ, ಮರವಾದರೂ ಸರಿ, ನೀರಾದರೂ ಸರಿ ಎಂದು ಅಂಥದೇ ಫೋರ್ಕನ್ನು ಮೇಜಿಗೆ ಒತ್ತಿ ವರ್ಷವರ್ಷವೂ ತೋರಿಸಿದವನು ನಾನು. ಈಗ ಮೇಜಿನ ಜಾಗದಲ್ಲಿ ನನ್ನ ತಲೆಬುರುಡೆ.

“ಕಿವಿಯೊಳಗಿನ ಸಣ್ಣ ಎಲುಬು ಬಿಗಿದುಕೊಂಡಿದೆ,” ಎಂದು ಡಾಕ್ಟರು ಕೂಗಿ ಹೇಳಿದರು. “ಗಾಳಿಯ ಶಬ್ದ ಅಲ್ಲೇ ನಿಲ್ತದೆ. ತಲೆಯ ಎಲುಬಿನ ದಾರಿ ಇನ್ನೂ ಉಂಟು. ಮುಂದೆ ನರವೂ ಸೋಲಬಹುದು.”

“ಮದ್ದು?”

“ಮದರಾಸಿಗೆ ಹೋದರೂ ಇಲ್ಲ.”

ಕೆಲಸ ಹೋಯಿತು.

ಹೆಂಡತಿ ಪದ್ಮಾವತಿಯದು ಗಟ್ಟಿ ಗಂಟಲು. ನಮ್ಮ ಮನೆಯಲ್ಲಿ ಉಪ್ಪು ಮುಗಿದದ್ದು ಮಣ್ಣಗುಡ್ಡದ ಕೇರಿಗೆಲ್ಲ ಗೊತ್ತಾಗುತ್ತಿತ್ತು. ಅಮ್ಮನಿಗೆ ಆ ಶಕ್ತಿಯಿಲ್ಲ. ಅವಳ ತುಟಿ ಅಲುಗುತ್ತಿತ್ತು, ಅಷ್ಟೆ. ಎಲುಬಿನ ದಾರಿಯೂ ಮುಚ್ಚುವ ಮೊದಲು ಆ ಸ್ವರ ಒಮ್ಮೆ ಕೇಳಬೇಕೆಂದು ಆಸೆ.

ಅಡಿಗೆಮನೆಗೆ ನುಗ್ಗಿ ಮಜ್ಜಿಗೆ ಕಡೆಯುವ ಕಡೆಗೋಲು ತಂದೆ. ಒಂದು ತುದಿ ಹಲ್ಲಿನಲ್ಲಿ ಕಚ್ಚಿ ಇನ್ನೊಂದನ್ನು ಗೋಡೆ ಗಡಿಯಾರಕ್ಕೆ ಒತ್ತಿದೆ. ಟಿಕ್ ಟಿಕ್ ಎಂಬುದು ತಲೆ ತುಂಬ ಬಡಿಯಿತು. ತಿರುಗಿ ನೋಡಿದರೆ ಬಾಗಿಲಲ್ಲಿ ಅಮ್ಮ, ಹಣೆಗೆ ಕೈಯಿಟ್ಟು ನಿಂತಿದ್ದಳು. ಗಂಡ ಸತ್ತಂದಿನಿಂದ ಮಡಿಯಲ್ಲೇ ಬದುಕಿದವಳು; ಇನ್ನೊಬ್ಬರು ಮುಟ್ಟಿದ ಕೊಡದ ನೀರು ಕುಡಿಯದವಳು. ಅವಳ ಕಡೆಗೋಲು ಮಗನ ಎಂಜಲಾಗಿತ್ತು.

ಇನ್ನೊಂದು ತುದಿ ಕಚ್ಚಿ ಮಾತಾಡು ಎಂದು ಬೇಡಿದೆ. ಅಮ್ಮ ಸೆರಗು ಬಿಗಿದುಕೊಂಡು ಒಳಗೆ ಹೋದಳು. ನನಗೆ ಸಿಟ್ಟು ಬಂತು. ದೇವರಿಗಿಂತ ನಾನು ಕಡೆಯೇ ಎಂದು ಕೂಗಾಡಿದೆ. ಎಷ್ಟು ಕೂಗಿದೆನೋ, ಎಷ್ಟು ಪಿಸುಗುಟ್ಟಿದೆನೋ, ನನಗೇ ಗೊತ್ತಿಲ್ಲ.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಎಲುಬಿಗೆ ಒತ್ತಿದ ಫೋರ್ಕೂ ಮಂಕಾಗಿತ್ತು. ಪದ್ಮಾವತಿ ಅದನ್ನು ಅತ್ತೆಗೆ ಹೇಳಿರಬೇಕು.

ಮರುದಿನ ಬೆಳಿಗ್ಗೆ, ಸ್ನಾನಕ್ಕೆ ಮೊದಲೇ, ಅಮ್ಮ ನನ್ನೆದುರು ಬಂದು ಕೂತಳು. ಕಡೆಗೋಲನ್ನು ತಾನೇ ಎತ್ತಿಕೊಂಡಳು. ಉಳಿದ ನಾಲ್ಕು ಹಲ್ಲಿನ ನಡುವೆ ಒಂದು ತುದಿ ಕಚ್ಚಿದಳು; ಇನ್ನೊಂದನ್ನು ನಾನು ಕಚ್ಚಿದೆ.

“ಮಗಾ, ನನ್ನ ಸ್ವರ ಕೇಳ್ತದಾ?”

ತೊದಲು ಮಾತು. ಆದರೆ ಅವಳದೇ, ಮೂಗಿನಲ್ಲಿ ತುಸು ಎಳೆಯುವ ಅದೇ ಸ್ವರ. ನಾನು ಅತ್ತುಬಿಟ್ಟೆ. ಅಮ್ಮ ಏಳುತ್ತಲೇ ಬಾವಿಕಟ್ಟೆಗೆ ಹೋಗಿ ತಲೆಗೆ ನೀರು ಸುರಿದುಕೊಂಡಳು.

ಈಗ ಕಡೆಗೋಲಿನಲ್ಲೂ ಮಾತು ಬರುವುದಿಲ್ಲ. ಹಲ್ಲಿಗೆ ಬರೀ ನಡುಕ ತಾಗುತ್ತದೆ. ಆದರೂ ಅಮ್ಮ ದಿನವೂ ಸ್ನಾನಕ್ಕೆ ಮೊದಲು ಬಂದು ಕೂತು, ತುದಿ ಕಚ್ಚಿ ಏನೋ ಹೇಳುತ್ತಾಳೆ. ಕೇಳಿತು ಎಂದು ನಾನು ತಲೆಯಾಡಿಸುತ್ತೇನೆ.