ಮೂಲೆಯ ಗುಳಿಗೆ ಮುನ್ನ

ಆ ಮಧ್ಯಾಹ್ನ ಪೀಣ್ಯದ ಶೆಡ್ಡಿನಲ್ಲಿ ಇದ್ದವರು ನಾನು, ಸೂಪರ್‌ವೈಸರ್ ರಮೇಶ, ಮತ್ತು ಹೊಸದಾಗಿ ಕೂರಿಸಿದ್ದ ಒಂದು ಮೆಷಿನ್. ಮೆಷಿನ್ನನ್ನೂ ಇದ್ದವರ ಜೊತೆ ಸೇರಿಸುತ್ತಿದ್ದಾನಲ್ಲ ಎಂದು ನಗಬೇಡಿ. ನಾನೂ ಹಾಗೆ ನಗುತ್ತಿದ್ದವನೇ. ನಡುರಾತ್ರಿ ಬಾವಿಕಟ್ಟೆಯಲ್ಲಿ ಯಾರೋ ನೀರು ಸೇದುವ ಸದ್ದಾಯಿತೆಂದು ನಮ್ಮಜ್ಜಿ ಹೇಳಿದರೆ, "ರಾಟೆಗೆ ಎಣ್ಣೆ ಹಾಕ್ಸಜ್ಜಿ" ಎಂದು ಹೊದ್ದು ಮಲಗುತ್ತಿದ್ದೆ.

ಮೆಷಿನ್‌ಗಳಿಗೆ ಪ್ರೋಗ್ರಾಂ ಬರೆದುಕೊಡುವುದು ನನ್ನ ಕಸುಬು. ಆ ಶೆಡ್ಡಿನಲ್ಲಿ ಟ್ರೇಗಳಲ್ಲಿ ಜೋಡಿಸಿಟ್ಟ ಸಣ್ಣ ಬಿಡಿಭಾಗಗಳ ಗುಳಿಗಳಿಗೆ ಒಂದೊಂದು ತೊಟ್ಟು ಗ್ರೀಸ್ ಇಡಬೇಕು. ವರ್ಷಗಳಿಂದ ಅದನ್ನು ಕೈಯಲ್ಲೇ ಮಾಡುತ್ತಿದ್ದವರು ಗಂಗಮ್ಮ, ನಮಗೆಲ್ಲ ಗಂಗಕ್ಕ. ರಾಯಚೂರಿನ ಕಡೆಯವರು, ಗಂಡ, ಮಕ್ಕಳೊಡನೆ ಹತ್ತಿರದಲ್ಲೇ ಬಾಡಿಗೆ ರೂಮು. ಮೆಷಿನ್ನಿಗೆ ಅವರೇ ಕಲಿಸಲಿ ಎಂದು ತೀರ್ಮಾನವಾಯಿತು. ಅವರು ಬಟನ್ ಒತ್ತುತ್ತ ಮೆಷಿನ್ನಿನ ಮೂತಿಯನ್ನು ಒಂದೊಂದು ಗುಳಿಯ ಮೇಲೂ ತಂದು ನಿಲ್ಲಿಸುವುದು, ನಾನು ಆ ಜಾಗವನ್ನು ಅರೇಯಲ್ಲಿ ತುಂಬಿಕೊಳ್ಳುವುದು. ವೇರಿಯಬಲ್ ಎಂದರೆ ಹೆಸರು ಬರೆದ ಡಬ್ಬಿ, ಅರೇ ಎಂದರೆ ಒಂದೇ ಹೆಸರಿನ ಡಬ್ಬಿಗಳ ಸಾಲು ಎಂದು ಅವರಿಗೆ ಬಿಡಿಸಿ ಹೇಳಿದೆ.

"ಅಂದ್ರ ನನ್ನ ಕೈನ ಡಬ್ಬ್ಯಾಗ ತುಂಬಾಕತ್ತೀರಿ! ಮುಚ್ಚಳ ಬಿಗಿ ಹಾಕ್ರಿ ಸಾರ್, ಇರಿವಿ ಮುತ್ತತಾವ" ಎಂದು ನಕ್ಕರು. ಆಮೇಲೆ ದನಿ ತಗ್ಗಿಸಿ, "ಇದು ಕಲತ ಮ್ಯಾಲ ನಾ ಏನ್ ಮಾಡ್ಲಿ?" ಎಂದರು.

"ಮೆಷಿನ್ ನೋಡ್ಕೊಳ್ಳೋಕೆ ಯಾರಾದ್ರೂ ಬೇಕಲ್ಲಕ್ಕಾ" ಎಂದೆ. ಓನರ್ ನನಗೆ ಹಾಗೆ ಹೇಳಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ.

ಮೆಷಿನ್ ಕಲಿಯಿತು. ಓನರ್ ಗಂಗಕ್ಕನಿಗೆ ನಾಳೆಯಿಂದ ಬರಬೇಡಿ ಎಂದರು.

ಅದಾದ ಮೇಲಿನ ಮಧ್ಯಾಹ್ನ ಇದು. ಮೆಷಿನ್ ಸಾಲಾಗಿ ಗ್ರೀಸ್ ಇಡುತ್ತ ಹೋಗಿ, ಆಚೆ ಮೂಲೆಯ ಕೊನೆಯ ಗುಳಿಗೆ ಮುನ್ನ ನಿಂತಿತು. ಉಸಿರೆಳೆದುಕೊಳ್ಳುವಷ್ಟು ಹೊತ್ತು. ಆಮೇಲೆ ಮುಂದೆ ಹೋಯಿತು. ಮುಂದಿನ ಟ್ರೇಗೂ ಹಾಗೆಯೇ. ಅರೇ ತೆರೆದು ನೋಡಿದರೆ ಅದರಲ್ಲಿದ್ದದ್ದು ಜಾಗಗಳು ಮಾತ್ರ. ನಿಲ್ಲುವ ಹೊತ್ತಿಗೆಂದು ಬೇರೆ ಒಂದು ವೇರಿಯಬಲ್ ಇತ್ತು, ಅದು ಎಲ್ಲ ಗುಳಿಗೂ ಒಂದೇ. ಕೊನೆಗೆ ಅರೇಯನ್ನೇ ಅಳಿಸಿದೆ. ಡ್ರಾಯಿಂಗ್ ನೋಡಿಕೊಂಡು ನಾನೇ ಅಂಕಿಗಳನ್ನು ಹೊಸದಾಗಿ ತುಂಬಿದೆ. ಗಂಗಕ್ಕ ಕಲಿಸಿದ ಒಂದು ಅಂಕಿಯೂ ಈಗ ಅದರಲ್ಲಿರಲಿಲ್ಲ. ಮೋಟಾರು, ಕೇಬಲ್ಲು ಎಲ್ಲವನ್ನೂ ನೋಡಿದೆ. ಮೆಷಿನ್ ಮತ್ತೆ ಅಲ್ಲೇ ನಿಂತಿತು.

"ಗುರು, ಅಕ್ಕ ಬಳೆ ಏರಿಸ್ಕೋತಿದ್ದಾರೆ ಕಣೋ" ಎಂದ ರಮೇಶ. ತಮಾಷೆಗೇ ಹೇಳಿದ್ದು, ಆದರೆ ಹೇಳಿದ ಮೇಲೆ ಅವನೂ ನಗಲಿಲ್ಲ. ಆಚೆ ಮೂಲೆಗೆ ಕೈ ಚಾಚುವ ಮೊದಲು, ಬಳೆಗಳಿಗೆ ಗ್ರೀಸ್ ತಾಗದಿರಲೆಂದು ಗಂಗಕ್ಕ ಅವನ್ನು ಮೊಣಕೈಯತ್ತ ಸರಿಸಿಕೊಳ್ಳುತ್ತಿದ್ದರು. ಪ್ರತಿ ಟ್ರೇಗೂ, ಅಷ್ಟೇ ಹೊತ್ತು.

ಕಸುಬಿನ ಗೆಳೆಯರನ್ನು ಕೇಳಿದೆ. ಅವರು ಹೇಳಿದ್ದನ್ನೆಲ್ಲ ಮಾಡಿ ನೋಡಿದೆ. ಕಾರಣ ಇವತ್ತಿಗೂ ಸಿಕ್ಕಿಲ್ಲ. ಕೆಲಸಕ್ಕೇನೂ ತೊಂದರೆಯಿಲ್ಲವಲ್ಲ ಎಂದು ಓನರ್ ಸುಮ್ಮನಾದರು. ನಾನು ಮಾತ್ರ ಅಲ್ಲಿಗೆ ಹೋದಾಗಲೆಲ್ಲ ಆ ಮೆಷಿನ್ನಿನತ್ತ ನೋಡದೆ ದಾಟಿಹೋಗುತ್ತಿದ್ದೆ.

ಆಯುಧಪೂಜೆಗೆ ರಮೇಶ ಗಂಗಕ್ಕನನ್ನೂ ಕರೆದಿದ್ದ. ಬಂದರು. ಬಳೆಯಿಲ್ಲದ ಕೈ ನೋಡಿ ನನ್ನ ಕಣ್ಣು ಅವರ ಹಣೆಯ ಕುಂಕುಮ ಹುಡುಕಿತು.

"ಅಯ್ಯ, ನಮ್ಮನಿಯವರು ಗಟ್ಟಿ ಅದಾರ್ರೀ!" ಎಂದು ಅವರೇ ನಕ್ಕರು. "ಈಗ ಬಿಸ್ಕೀಟ್ ಫ್ಯಾಕ್ಟ್ರ್ಯಾಗ ಅದೀನಿ. ಅಲ್ಲಿ ಬಳಿ ಹಾಕ್ಕೊಳ್ಳಾಂಗಿಲ್ಲ. ದಿನಾ ನಿಂತು ನಿಂತು ಕಾಲು ಹಿಡೀತಾವ ನೋಡ್ರಿ."

ತಪ್ಪಾಯಿತಕ್ಕಾ ಎನ್ನಬೇಕೆಂದಿದ್ದೆ. ಬಾಯಿಂದ ಬಂದದ್ದು, "ಊಟ ಆಯ್ತಾ ಅಕ್ಕಾ?"

ಪೂಜೆಯಾದ ಮೇಲೆ ರಮೇಶ ಮೆಷಿನ್ ಓಡಿಸಿದ. ಮೂಲೆಗೆ ಮುನ್ನ ಅದು ನಿಂತಿತು. ಗಂಗಕ್ಕನ ಎಡಗೈ ತಾನಾಗಿ ಬಲಗೈಯ ಮಣಿಕಟ್ಟಿಗೆ ಹೋಗಿ, ಇಲ್ಲದ ಬಳೆಗಳನ್ನು ಮೇಲಕ್ಕೆ ಸರಿಸಿತು. ಮೆಷಿನ್ ಮುಂದೆ ಹೋಯಿತು. ತಮ್ಮ ಕೈ ಹಾಗೆ ಮಾಡಿದ್ದು ಅವರ ಅರಿವಿಗೇ ಬರಲಿಲ್ಲ. ಕಡ್ಲೆಪುರಿಯ ಪೊಟ್ಟಣ ತೆಗೆದುಕೊಂಡು ಹೊರಟುಹೋದರು.

ರಜೆ ಮುಗಿದು ಶೆಡ್ಡು ತೆರೆದ ದಿನ ರಮೇಶ ಫೋನ್ ಮಾಡಿದ. "ಏನ್ ಮಾಡ್ದೆ ಗುರು ಪ್ರೋಗ್ರಾಂಗೆ? ಬೆಳಗ್ಗೆಯಿಂದ ಮೂಲೆ ಹತ್ರ ನಿಲ್ತಾನೇ ಇಲ್ಲ."

ನಾನು ಅದನ್ನು ಮುಟ್ಟಿರಲಿಲ್ಲ.